ಶಹಾಬಜಾರದ ಶಾಲೆಗೆ ಬಿದ್ದ ಸೀಲು

ಹೋದ ಐತವಾರ ನಾನು ಒಬ್ಬ ಹೆಣ್ಣುಮಗಳ ಜೊತೆ ಕಲಬುರ್ಗಿಯಿಂದ ಕಮಲಾಪುರದ ತನಕ ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಸುಳ್ಳು ಹೇಳಿದೆ. ಅದೂ ಬಾಯಿ ಮುಚ್ಚಿಕೊಂಡೇ!

ಆಕೆಯ ಹೆಸರು ಶಾಂತಾಬಾಯಿ. ಶಹಾಬಜಾರದಲ್ಲಿ ಅಂಗನವಾಡಿ ನಡೆಸುತ್ತಾರೆ. ಬೆಳಿಗ್ಗೆ ಎಂಟಕ್ಕೆ ನಮ್ಮ ಬಾಗಿಲಿಗೆ ಬಂದಾಗ ಅವರು ಏದುಸಿರು ಬಿಡುತ್ತಿದ್ದರು. ನಾನು ಚಹಾ ಕುಡಿಯುತ್ತ ಪೇಪರ್ ಓದುತ್ತಿದ್ದೆ (ನನ್ನದೇ ಅಂಕಣ. ಎರಡನೇ ಸಲ).

“ಸರ, ನೀವು ಪೇಪರ್‌ನ್ಯಾಗ ಬರೀತೀರಂತ ಬಂದೀನ್ರೀ. ನಿನ್ನಿ ಸಂಜಿಗಿ ನಮ್ಮ ಸಾಲಿಗಿ ಸೀಲ್ ಹಾಕ್ಯಾರ.”

“ಯಾವ ಸಾಲಿ?”

“ನಮ್ಮ ಓಣ್ಯಾಗಿನ ಹಳೀ ಸರಕಾರಿ ಸಾಲಿರೀ. ಮಕ್ಕಳಿಲ್ಲಂತ ಬಂದ್ ಮಾಡಿದ್ರಲ್ಲ, ಅದು.”

ಚಹಾದ ಕಪ್ಪು ಕೆಳಗಿಟ್ಟೆ.

ಶಾಂತಾಬಾಯಿಗೆ ಅದು ಕಾಣಲಿಲ್ಲ. ಒಂದೇ ಉಸಿರಿನಲ್ಲಿ ಹೇಳುತ್ತ ಹೋದರು. ಶಾಲೆ ಮುಚ್ಚಿದ ದಿನ ಹೆಡ್‌ಮಾಸ್ತರರು ಒಂದು ಖೋಲಿಯ ಕೀಲಿ ಇವರ ಕೈಗೆ ಕೊಟ್ಟಿದ್ದರಂತೆ. “ಖಾಲಿ ಬೀಳೂದಕ್ಕಿಂತ ನೀವಾದ್ರೂ ಏನರ ಮಾಡ್ರಿ” ಅಂದಿದ್ದರಂತೆ. ಎರಡು ವರ್ಷದಿಂದ ದಿನಾ ಸಂಜೆ ಅಲ್ಲಿ ಹನ್ನೊಂದು ಹೆಣ್ಣುಮಕ್ಕಳಿಗೆ ಪಾಠ. ಎಲ್ಲರೂ ಸಣ್ಣವರಿದ್ದಾಗ ಶಾಲೆ ಬಿಟ್ಟವರು. ಈಗ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಾರೆ. ಮನೆಯಲ್ಲಿಟ್ಟರೆ ಕಳೆಯುತ್ತವೆ, ಇಲ್ಲವೇ ಗಂಡಂದಿರು ಹರಿಯುತ್ತಾರೆ ಅಂತ ಎಲ್ಲರ ಹಾಲ್ ಟಿಕೆಟ್ ಖೋಲಿಯ ಅಲಮಾರಿಯಲ್ಲಿಟ್ಟಿದ್ದಾರೆ.

“ನಾಳಿ ಮುಂಜಾನಿ ಪರೀಕ್ಷಾರೀ ಸರ.”

ಈಗ ನನ್ನ ಕಥೆ ಕೇಳಿ. ಆ ಶಾಲೆಯಲ್ಲಿ ನಾನೂ ನಾಲ್ಕನೇ ತರಗತಿಯ ತನಕ ಓದಿದ್ದೇನೆ. ಎರಡು ತಿಂಗಳ ಹಿಂದೆ ಸ್ಟೇಶನ್ ಬಜಾರದ ಹೋಟೆಲಿನಲ್ಲಿ ಹಳೆಯ ಗೆಳೆಯರು ಕೂಡಿದ್ದೆವು. ಯಾರೋ ಒಬ್ಬರು ಒಂದು ಮನವಿ ತಂದಿದ್ದರು. ಶಾಲೆಯ ಕಟ್ಟಡ ಹಾಳಾಗುತ್ತಿದೆ, ಅಲ್ಲಿ ವಾಚನಾಲಯ ಮಾಡಬೇಕು, ನಮ್ಮ ಗುರುಗಳ ಹೆಸರಿಡಬೇಕು. ಒಳ್ಳೆಯ ವಿಚಾರ ಅಲ್ಲವೇ? ಕೆಳಗೆ ಇನ್ನೊಂದು ಸಾಲಿತ್ತು. “ಅಪರಿಚಿತರು ಅತಿಕ್ರಮಣ ಮಾಡಿದ್ದು, ಕೂಡಲೇ ಬೀಗ ಹಾಕಬೇಕು.”

ಓದಿದೆನೇ? ಕಣ್ಣಾಡಿಸಿದೆ. ಅಪರಿಚಿತರು ಯಾರು ಅಂತ ಕೇಳಿದೆನೇ? ಇಲ್ಲ. ಬಿಸಿಬಿಸಿ ಮಿರ್ಚಿ ಬಂದಿತ್ತು. ಮೊದಲನೇ ಸಹಿ ನನ್ನದೇ. ಕಾಲೇಜಿನ ಮಾಸ್ತರ, ಪೇಪರಿನಲ್ಲಿ ಬರೆಯುವವ, ತೂಕ ಬರುತ್ತದೆ ಅಂತ ಮೇಲೆ ಜಾಗ ಬಿಟ್ಟಿದ್ದರು.

ಅಪರಿಚಿತರು ಈಗ ನನ್ನ ಪಡಸಾಲೆಯಲ್ಲಿ ಕೂತಿದ್ದರು. ನನ್ನ ಹೆಂಡತಿ ಅವರಿಗೆ ನೀರು ಕೊಡುತ್ತಿದ್ದಳು.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. “ನಡೀರಿ, ಸಾಹೇಬರನ್ನ ನೋಡೋಣ” ಅಂದೆ. ಸೀಲ್ ಹಾಕಿಸಿದ ಪಾಲಿಕೆಯ ಸಾಹೇಬರು ಮಗಳ ಕುಪ್ಪಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ಕಮಲಾಪುರಕ್ಕೆ ಹೋಗಿದ್ದಾರೆ ಅಂತ ಅವರ ಮನೆಯ ಮುಂದೆ ತಿಳಿಯಿತು. ಸಂಜೆಯ ತನಕ ಬರುವುದಿಲ್ಲ. ಬಂದರೂ ಐತವಾರ ಯಾವ ಕಚೇರಿ ತೆರೆಯುತ್ತದೆ?

ಬಸ್ ಹತ್ತಿದೆವು. ಕಿಟಕಿಯ ಹತ್ತಿರ ಕೂತ ಶಾಂತಾಬಾಯಿ ಒಬ್ಬೊಬ್ಬರ ಬಗ್ಗೆ ಹೇಳುತ್ತಿದ್ದರು. ಸುಶೀಲಾ ಎಂಬವಳ ಮಾತು ಬಂದಾಗ ದನಿ ಬದಲಾಯಿತು.

“ಆಕಿ ನನ್ನ ಅಂಗನವಾಡ್ಯಾಗ ಸಹಾಯಕಿ ಇದ್ದಾಳ್ರೀ. ಹತ್ತನೇತ್ತ ಪಾಸಾದ್ರ ಆಕೀನೇ ಶಿಕ್ಷಕಿ ಆಗಬಹುದು. ಎರಡ ಸಲ ಫೇಲಾಗ್ಯಾಳ. ಈ ಸಲ ಗಣಿತ ನನಗೇ ಹೇಳಿಕೊಡ್ತಾಳ.” ಆಮೇಲೆ ಕೇಳಿದರು, “ಯಾರೋ ಅರ್ಜಿ ಕೊಟ್ಟಾರಂತ್ರೀ ಸರ. ನಾವು ಅವರಿಗೇನು ಮಾಡಿದ್ವಿ?”

ನಾನು ಹೊರಗೆ ಒಣ ಹೊಲ ನೋಡುತ್ತಿದ್ದೆ.

ಕಮಲಾಪುರದಲ್ಲಿ ಕಾರ್ಯದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೈಕು ಕೇಳಿಸುತ್ತಿತ್ತು. ಸಾಹೇಬರು ಪೆಂಡಾಲಿನ ಬಾಗಿಲಲ್ಲಿ ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದರು. ನನ್ನನ್ನು ಕಂಡು ನಕ್ಕರು. ಬೀಗರೇನೋ ಅಂದುಕೊಂಡಿರಬೇಕು. ನನ್ನ ಹೆಸರು, ಬಂದ ವಿಷಯ ಕೇಳಿ ಮುಖ ಬಿಗಿಯಿತು.

“ಐತವಾರ, ಕಾರ್ಯದ ಮನ್ಯಾಗ ಬಂದು ಸೀಲ್ ಒಡೀರಿ ಅಂತೀರಿ? ಸರಕಾರಿ ಸೀಲದು. ನಾಳಿ ಆಫೀಸಿಗಿ ಬರ್ರಿ.”

“ನಾಳಿ ಒಂಬತ್ತೂವರಿಗಿ ಪರೀಕ್ಷಾರೀ ಸಾಹೇಬ್ರ” ಅಂದರು ಶಾಂತಾಬಾಯಿ. “ಟಿಕೆಟ್ ಅಷ್ಟೇ ತಗೋತೀವಿ. ಬೇಕಾದ್ರ ಮತ್ತ ಬೀಗ ಹಾಕ್ರಿ.”

ನಾನು ದನಿ ಏರಿಸಿದೆ. “ಹನ್ನೊಂದು ಮಂದಿಯ ಬದುಕಿನ ಪ್ರಶ್ನೆ ಇದು. ಇಂಥ ಆದೇಶ ಮಾಡುವ ಮುಂಚೆ ಒಳಗೆ ಯಾರಿದ್ದಾರೆ ಅಂತ ನೋಡಬೇಡವೇ?”

(ಎಂಥ ಧೈರ್ಯ ನೋಡಿ ನನ್ನದು.)

ಸಾಹೇಬರು ನನ್ನನ್ನೇ ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

“ಸರ, ಆ ಅರ್ಜಿ ಮ್ಯಾಗ ಮೊದಲನೇ ಸಹಿ ನಿಮ್ಮದೇ ಅಲ್ರೀ?”

ಪೆಂಡಾಲಿನೊಳಗೆ ಹೆಂಗಸರು ಆರತಿಯ ಹಾಡು ಸುರು ಮಾಡಿದರು. ಶಾಂತಾಬಾಯಿ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದು, ಸೆರಗು ಸರಿಮಾಡಿಕೊಂಡು, ಸಾಹೇಬರಿಗೇ ಹೇಳಿದರು. “ಅದು ಯಾರದರ ಇರಲ್ರೀ. ನಮ್ಮ ಟಿಕೆಟ್ ಕೊಡಸ್ರಿ.”

ಆಗ ನನಗೆ ಬಾಯಿ ಬಂತು. “ಹೌದು, ನನ್ನದೇ. ಓದದೆ ಸಹಿ ಮಾಡಿದೆ. ತಪ್ಪಾಗಿದೆ. ಆ ಸಹಿ ವಾಪಸ್ ತಗೋತೀನಿ, ಈಗಲೇ ಬರೆದುಕೊಡ್ತೀನಿ. ನಾಳೆ ಯಾರಾದರೂ ನಿಮ್ಮನ್ನು ಕೇಳಿದರೆ ನನ್ನ ಹೆಸರು ಹೇಳಿ.”

ಸಾಹೇಬರು ಕೆಟ್ಟವರಲ್ಲ. ಅವರಿಗೆ ಬೇಕಾದದ್ದೂ ಒಂದು ಕಾಗದವೇ. ಊಟದ ಪಂಕ್ತಿಯ ಮೂಲೆಯಲ್ಲಿ, ಕಾರ್ಯದ ಪತ್ರಿಕೆಯೊಂದರ ಹಿಂದೆ, ನಾನು ಬರೆದೆ. ಅವರು ತಮ್ಮ ಗುಮಾಸ್ತನಿಗೆ ನಾಲ್ಕು ಸಾಲು ಬರೆದರು: ತೆರೆದು, ಹಾಲ್ ಟಿಕೆಟ್ ಕೊಟ್ಟು, ಮತ್ತೆ ಮುಚ್ಚುವುದು.

“ಉಂಡು ಹೋಗ್ರಿ” ಅಂದರು. ಶಾಂತಾಬಾಯಿ ಆಗಲೇ ರಸ್ತೆಯಲ್ಲಿದ್ದರು.

ವಾಪಸು ಬರುವಾಗ ಅವರು ಮುಂದೆ ಹೆಂಗಸರ ಸೀಟಿನಲ್ಲಿ ಕೂತರು. ನಾನು ಹಿಂದೆ. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ಜನ ತುಂಬಿಕೊಳ್ಳಲು ನಿಂತಿತು. ಹತ್ತು ನಿಮಿಷ, ಹದಿನೈದು ನಿಮಿಷ. ಶಾಂತಾಬಾಯಿ ಎದ್ದು ಕಂಡಕ್ಟರನ ಮೇಲೆ ಕೂಗಾಡಿದರು. ಆ ಸಿಟ್ಟೆಲ್ಲ ಯಾರಿಗೆ ಸೇರಬೇಕಾದದ್ದು ಅಂತ ನನಗೆ ಗೊತ್ತಿತ್ತು.

ಗುಮಾಸ್ತ ಚೀಟಿಯನ್ನು ಮೂರು ಸಲ ಓದಿದ. ಸಂಜೆ ಐದರ ಸುಮಾರು ಅರಗಿನ ಮುದ್ರೆ ಒಡೆದ. ಓಣಿಯ ಹೆಂಗಸರು ಬಾಗಿಲ ಮುಂದೆ ಒತ್ತಿಕೊಂಡು ನಿಂತಿದ್ದರು.

ಮೂವತ್ತೈದು ವರ್ಷದ ಮೇಲೆ ಆ ಖೋಲಿಯೊಳಗೆ ಕಾಲಿಟ್ಟೆ. ನೆಲ ಸಾರಿಸಿತ್ತು. ಒಡೆದ ಹಂಚಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿತ್ತು. ಬೋರ್ಡಿನ ಮೇಲೆ ತ್ರಿಭುಜ, ಅದರ ಪಕ್ಕಕ್ಕೆ “ಇದು ಗ್ಯಾರಂಟಿ ಬರ್ತದ” ಅಂತ ಸೀಮೆಸುಣ್ಣದಲ್ಲಿ ಬರೆದಿತ್ತು. ಹಾಳಾಗುತ್ತಿದೆ ಅಂತ ನಾವು ಬರೆದುಕೊಟ್ಟ ಕಟ್ಟಡ ಇದೇ.

ಶಾಂತಾಬಾಯಿ ಹೆಸರು ಕೂಗಿ ಟಿಕೆಟ್ ಹಂಚಿದರು. ಹತ್ತು ಕೈ ಮುಂದೆ ಬಂದವು. ಹನ್ನೊಂದನೆಯದು ಬರಲಿಲ್ಲ.

“ಸುಶೀಲಾ ಎಲ್ಲಿ?”

ಯಾರೋ ಹೇಳಿದರು. “ಆಕಿ ಗಂಡ ಮುಂಜಾನಿನೇ ಕರಕೊಂಡು ಹೋದ್ನಲ್ರೀ, ಮಹಾಗಾಂವಕ್ಕ. ಸೀಲ್ ಬಿತ್ತಂದ್ರ ಪರೀಕ್ಷಾನೂ ಮುಗೀತು, ಜೋಳದ ರಾಶಿಗರ ಬಾ ಅಂದ.”

ಮಹಾಗಾಂವ! ಅದೇ ಕ್ರಾಸಿನಲ್ಲಿ ನಮ್ಮ ಬಸ್ಸು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಿಂತಿತ್ತು. ಸ್ಕೂಟರ್ ತೆಗೆದುಕೊಂಡು ಮತ್ತೆ ಓಡಿದೆ. ಮನೆ ಸಿಕ್ಕಿತು. ಮನೆಗೆ ಬೀಗ. ರಾಶಿ ಯಾವ ಹೊಲದಲ್ಲಿ ಅಂತ ಪಕ್ಕದವರಿಗೆ ಗೊತ್ತಿರಲಿಲ್ಲ. ಟಿಕೆಟ್ ಅವರ ಕೈಗೆ ಕೊಟ್ಟು, ನಾಲ್ಕು ಸಲ ಹೇಳಿ ಬಂದೆ.

ಸೋಮವಾರ ಹತ್ತು ಮಂದಿ ಕನ್ನಡ ಪೇಪರ್ ಬರೆದರು. ಸುಶೀಲಾ ಬಂದು ಮುಟ್ಟಿದಾಗ ಪರೀಕ್ಷಾ ಕೇಂದ್ರದ ಗೇಟು ಮುಚ್ಚಿ ಒಂದು ತಾಸಾಗಿತ್ತಂತೆ.

ಬುಧವಾರ ಎರಡನೇ ಪೇಪರ್ ಮುಗಿಸಿ ಬಂದವಳನ್ನು ಅಂಗನವಾಡಿಯಲ್ಲಿ ಕಂಡೆ. ಸಣ್ಣ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ನಾನು ಯಾರು ಅಂತ ನಾನೇ ಹೇಳಿದೆ. ಆದದ್ದನ್ನೆಲ್ಲ ಹೇಳಿದೆ. ಸೌಟು ಪಾತ್ರೆಯಲ್ಲಿಟ್ಟಳು.

“ಉಳಿದದ್ದೆಲ್ಲಾ ಬರೀತೀನ್ರೀ. ಕನ್ನಡ ಒಂದು ಮುಂದಿನ ಸಲ ಕಟ್ಟಬೇಕು” ಅಂದಳು. ಆಮೇಲೆ ಮುಖ ಎತ್ತಿ ಕೇಳಿದಳು. “ಅಲ್ಲಿತನಾ ಆ ಖೋಲಿ ಇರ್ತದೋ ಇಲ್ಲೋ, ಅಷ್ಟು ಹೇಳ್ರಿ ಸರ.”

ಬಾಗಿಲಿಗೆ ಮತ್ತೆ ಸೀಲ್ ಬಿದ್ದಿದೆ. ಆ ಖೋಲಿ ಯಾರಿಗೆ ಅಂತ ಬರುವ ಶುಕ್ರವಾರ ವಾರ್ಡಿನ ಸಭೆಯಲ್ಲಿ ತೀರ್ಮಾನ. ಗೆಳೆಯರು ಫೋನ್ ಮಾಡಿ ಮಾಡಿ ಬೈಯುತ್ತಿದ್ದಾರೆ. “ವಾಚನಾಲಯ ಬ್ಯಾಡೇನು? ಗುರುಗಳ ಹೆಸರು ಬ್ಯಾಡೇನು? ನಾವು ಓದಿದ ಸಾಲಿ ಅದು!”

ಮುಚ್ಚಿದ ಶಾಲೆ ಯಾರದು ಹೇಳಿ, ಓದಿ ಬಿಟ್ಟುಹೋದ ನಮ್ಮದೋ, ಓದಲಿಕ್ಕೆ ಬಾಗಿಲ ಮುಂದೆ ನಿಂತವರದೋ?