ಹುಳದ ಮನೆಯ ಬಾಗಿಲಲ್ಲಿ

ನನ್ನ ಕಾದಂಬರಿಗೆ ಒಂದು ಚಿರತೆ ಬೇಕೇ ಬೇಕು ಎಂದು ಯಾಕೆ ಅನ್ನಿಸಿತೋ, ಈಗ ಕೇಳಿದರೆ ಹೇಳಲಾರೆ. ಹುಡುಗಿಯೊಬ್ಬಳು ದೊಡ್ಡವಳಾಗುವ ಕಥೆ ಅದು. ಕೊನೆಯ ಅಧ್ಯಾಯದಲ್ಲಿ ಅವಳು ಬೆಟ್ಟದ ಬಂಡೆಯ ಮೇಲೆ ಚಿರತೆಯ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುತ್ತಾಳೆ, ಅದು ತಲೆ ತಗ್ಗಿಸಿ ಹೊರಟುಹೋಗುತ್ತದೆ. ಬರೆದು ಮುಗಿಸಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಧೈರ್ಯ ಎಂದರೇನು ಎಂದು ಓದುಗರಿಗೆ ಇನ್ನು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ.

ಚನ್ನಪಟ್ಟಣದ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು ರಜೆ ಬಂದರೆ ಕೈಲಾಂಚದ ಹತ್ತಿರವಿರುವ ತವರಿಗೆ ಹೋಗುತ್ತೇನೆ. ಅಲ್ಲಿ ಅವ್ವ, ಅಣ್ಣ, ಅತ್ತಿಗೆ, ಆಗಷ್ಟೇ ಹತ್ತನೇ ತರಗತಿ ಮುಗಿಸಿದ್ದ ಅಣ್ಣನ ಮಗಳು. ಸಿಕ್ಕಿದ್ದನ್ನೆಲ್ಲ ಓದುವ ಹುಡುಗಿ, ಆದರೆ ಓದಿದ್ದನ್ನು ಹೊಗಳುವ ಅಭ್ಯಾಸವಿಲ್ಲ. ಆ ಬೇಸಿಗೆ ರಜೆಯಲ್ಲಿ ಕೊನೆಯ ಅಧ್ಯಾಯವನ್ನು ಅವಳ ಕೈಗಿಟ್ಟೆ.

ಜಗಲಿಯಲ್ಲಿ ಕೂತು ಓದಿ ಮುಗಿಸಿ, "ಅತ್ತೆ, ಇವ್ಳು ಯಾಕೆ ಅಲ್ಲೇ ನಿಂತವ್ಳೆ?" ಎಂದಳು.

"ಹೆದರಲಿಲ್ಲ, ಅದಕ್ಕೆ."

"ಚಿರತೆಗೆ ಇವ್ಳು ಯಾಕ್ ಬೇಕು? ಅದು ಬರೋದು ನಾಯಿಗೆ. ನಾವಾದ್ರೆ ನಾಯಿನ ಒಳಿಕ್ಕೆ ಕಟ್ಕಂಡು ಬಾಗ್ಲು ಹಾಕ್ಕತೀವಿ, ಅಷ್ಟೆಯ."

"ಅದು ಸಂಕೇತ ಕಣೆ!"

"ಹಂಗಾರೆ ಸರಿ ಬುಡು," ಎಂದು ಹಾಳೆಗಳನ್ನು ಜೋಡಿಸಿ ವಾಪಸು ಕೊಟ್ಟಳು.

ಕೋಪ ನನಗೆ ಮೂಗಿನ ತುದಿಯಲ್ಲೇ. ಆ 'ಸರಿ ಬುಡು' ಸಂಜೆಯವರೆಗೂ ಚುಚ್ಚುತ್ತಿತ್ತು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎನ್ನುವುದು ಇನ್ನೂ ಹೆಚ್ಚಿನ ಸಿಟ್ಟು. ನಮ್ಮ ಕಡೆ ಚಿರತೆ ಬರೀ ನಾಯಿಕಳ್ಳ.

ಮನೆಯ ಪಕ್ಕದಲ್ಲೇ ರೇಷ್ಮೆ ಹುಳದ ಮನೆ. ದೇವರ ಕೋಣೆಗಿಂತ ಮಡಿ ಅದಕ್ಕೇ ಹೆಚ್ಚು. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಒಗ್ಗರಣೆಯ ಘಾಟು, ಅಗರಬತ್ತಿ, ಮುಖಕ್ಕೆ ಹಚ್ಚಿದ ಪೌಡರು, ಯಾವುದೂ ಹುಳಕ್ಕೆ ಆಗದು. ಮುಟ್ಟಾದ ಹೆಂಗಸರು ಹೊಸ್ತಿಲು ದಾಟಿದರೆ ಸಪ್ಪೆ ರೋಗ ಬಂದು ಹುಳವೆಲ್ಲ ಸಾಯುತ್ತದೆ ಎಂದು ಅವ್ವ ನಂಬಿದ್ದಳು. ಆ ದಿನಗಳಲ್ಲಿ ನಾನೂ ಜಗಲಿಯಲ್ಲಿ ಕೂತು ಬೆಳೆದವಳೇ. ಹೇಳದೆ ಸುಮ್ಮನೆ ಒಳಗೆ ಹೋಗಿಬರುವವರು ಎಲ್ಲ ಮನೆಗಳಲ್ಲೂ ಇದ್ದರು, ಬಾಯಿ ಮಾತ್ರ ಯಾರೂ ಬಿಡುತ್ತಿರಲಿಲ್ಲ.

ಹಿಂದಿನ ಬೆಳೆ ಚೆನ್ನಾಗಿ ಬಂದಿತ್ತು. ಹಣ್ಣಾದ ಹುಳಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟವಳು ಈ ಹುಡುಗಿ. "ನನ್ ಮೊಮ್ಮಗ್ಳ ಕೈಗುಣ" ಎಂದು ಅವ್ವ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಈ ಸಲ ನಾನಿದ್ದಾಗಲೇ ಹುಳ ಹಣ್ಣಾದವು. ಹಣ್ಣಾದ ಹುಳ ಯಾರಿಗಾಗಿಯೂ ಕಾಯುವುದಿಲ್ಲ. ಮೇವು ಬಿಟ್ಟು, ತಲೆಯೆತ್ತಿ ಆಡಿಸತೊಡಗಿದರೆ ಆಗಲೇ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ನೂಲೆಲ್ಲ ಸೊಪ್ಪಿನ ಮೇಲೆ ಹಾಳು. ಬರುತ್ತೇವೆಂದಿದ್ದ ಕೂಲಿ ಹೆಂಗಸರು ಮದುವೆಗೆ ಹೋಗಿಬಿಟ್ಟಿದ್ದರು. ಅಣ್ಣ, ಅತ್ತಿಗೆ, ನಾನು ಒಳಗೆ ಆರಿಸುತ್ತಿದ್ದೆವು. ನನ್ನ ಕೈ ಎಷ್ಟು ನಿಧಾನವೆಂದರೆ ಅಣ್ಣನಿಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಹುಡುಗಿ ಕಾಲು ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಬಿರ್ನೆ ಒಳಿಕ್ಕೆ ಬಾ. ಯಾಕ್ ನಿಂತ್ಕಂಡೆ?" ಬಾಗಿಲಲ್ಲೇ ಇದ್ದ ಅವ್ವ ಕೇಳಿದಳು.

"ಅಜ್ಜಿ, ನಾನು ಮುಟ್ಟಾಗಿವ್ನಿ."

ಅವ್ವ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. "ಹಂಗಾರೆ ಜಗಲಿ ಮ್ಯಾಲೆ ಕೂತ್ಕೊ ಹೋಗು."

"ಹೋದ ಬೆಳೆಲೂ ಮುಟ್ಟಾಗಿದ್ದೆ ಕಣಜ್ಜಿ. ಹೇಳ್ದೆ ಬಂದಿದ್ದೆ. ಗೂಡು ಚೆಂದಾಗೇ ಬಂತಲ್ಲ. ಈ ಸಲ ಹೇಳ್ಬುಟ್ಟೇ ಬತ್ತೀನಿ."

ಅವಳ ದನಿ ನಡುಗುತ್ತಿತ್ತು. ಅತ್ತಿಗೆಯ ಕೈ ನಿಂತುಹೋಯಿತು. ಸುಮ್ಮನೆ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿ ಬಂದ ಮೇಲೆ ಹುಳಕ್ಕೆ ಏನೇ ಆದರೂ ಅದು ಅವಳ ತಲೆಗೆ. ಬೆಳೆ ಕೆಟ್ಟರೆ ಆ ಮಾತು ಅವಳ ಮದುವೆ ಚಪ್ಪರದವರೆಗೂ ಬೆನ್ನು ಬಿಡುವುದಿಲ್ಲ. ನಮ್ಮೂರು ನನಗೆ ಗೊತ್ತು.

"ಅವ್ವಾ, ಹುಳ ನೂಲು ಬುಡ್ತಾವೆ. ಬುಡು ಅವಳ್ನ," ಎಂದ ಅಣ್ಣ, ತಲೆ ಎತ್ತದೆ.

ಅವ್ವ ಚಾಚಿದ ಕೈಗಳನ್ನು ಇಳಿಸಲಿಲ್ಲ. ಹುಡುಗಿ ಸ್ವಲ್ಪ ಬಗ್ಗಿ, ಅಜ್ಜಿಯ ಕೈಕೆಳಗೆ ತೂರಿ ಒಳಗೆ ಬಂದು ಹುಳ ಆರಿಸತೊಡಗಿದಳು.

ಆಮೇಲೆ ಗೂಡು ಬಿಡಿಸುವವರೆಗೂ ಮನೆಯಲ್ಲಿ ಮಾತೇ ಕಡಿಮೆ. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಿಸುಕದೆ ಕೂರುತ್ತದೆ. ನಾವು ಅದಕ್ಕೆ ಜ್ವರ ಎನ್ನುತ್ತೇವೆ, ಆಗ ಅದನ್ನು ಮುಟ್ಟುವಂತಿಲ್ಲ. ಹುಡುಗಿಯೂ ಜಗಲಿಯಲ್ಲಿ ಹಾಗೇ ಕೂತಿರುತ್ತಿದ್ದಳು. ಬೆಳಗ್ಗೆ ಮುಖ ತೊಳೆಯುವ ಮುಂಚೆ ಹೋಗಿ ಚಂದ್ರಿಕೆ ನೋಡಿ ಬರುತ್ತಿದ್ದಳು. ಅವ್ವ ಅವಳಿಗೆ ಮುದ್ದೆ ಬಡಿಸುತ್ತಿದ್ದಳು, ಮುಖ ಮಾತ್ರ ನೋಡುತ್ತಿರಲಿಲ್ಲ. ನಾನು ಚನ್ನಪಟ್ಟಣಕ್ಕೆ ಹೊರಡುವುದನ್ನು ಮುಂದಕ್ಕೆ ಹಾಕಿದೆ. ಒಂದು ಮಧ್ಯಾಹ್ನ ಕೊನೆಯ ಅಧ್ಯಾಯ ತೆಗೆದು ಚಿರತೆಯ ಮೇಲೆ ಅಡ್ಡಗೆರೆ ಎಳೆದೆ. ಅದರ ಜಾಗಕ್ಕೆ ಏನು ಬರೆಯಬೇಕೆಂದು ಮಾತ್ರ ತೋಚಲಿಲ್ಲ.

ಗೂಡು ಬಿಡಿಸುವ ದಿನ ಬಂತು. ಹುಡುಗಿ ಹುಳದ ಮನೆಗೆ ಹೋದ ಸುದ್ದಿ ಅಷ್ಟರಲ್ಲಿ ಊರೆಲ್ಲ ಆಗಿತ್ತು. ಚಂದ್ರಿಕೆ ಹೊರಗೆ ತಂದು ನೋಡಿದರೆ ಒಳ್ಳೆಯ ಗೂಡುಗಳ ನಡುವೆ ತೆಳು ಗೂಡುಗಳು ಬಹಳ. ಕೆಲವು ಹುಳ ಗೂಡೇ ಕಟ್ಟದೆ ಕಪ್ಪಾಗಿ ಸತ್ತಿದ್ದವು. ಬೆಳೆ ಪೂರ್ತಿ ಹೋಗಿರಲಿಲ್ಲ, ಆದರೆ ಹೋದ ಸಲದ್ದಕ್ಕೆ ಹೋಲಿಸುವಂತಿರಲಿಲ್ಲ.

ಗೂಡು ಬಿಡಿಸಲು ಬಂದಿದ್ದ ಪಕ್ಕದ ಮನೆಯವಳು ಹುಡುಗಿಯ ಕಡೆ ಒಮ್ಮೆ ನೋಡಿ, "ಏನ್ ದೊಡ್ಡವ್ವ, ಈ ಸಲ ಹಿಂಗಾಗೋಯ್ತು?" ಎಂದು ರಾಗ ಎಳೆದಳು.

ಹುಡುಗಿಯ ಕೈ ನಿಂತಿತು. ತಲೆ ತಗ್ಗಿತು. ಅವ್ವ ಏನು ಹೇಳುವಳೋ ಎಂದು ನಾನು ಅವಳನ್ನೇ ನೋಡಿದೆ.

ಅವ್ವ ಒಂದು ತೆಳು ಗೂಡನ್ನು ಬೆರಳಲ್ಲಿ ಒತ್ತಿ ನೋಡಿದಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಮಳೆ ಬಿದ್ದು ಸೊಪ್ಪು ನೀರಾಗಿತ್ತು ಕಣವ್ವ. ನೆಂದಿರೋ ಸೊಪ್ಪು ಹಾಕ್ಬ್ಯಾಡ ಕಣ್ಲಾ ಅಂದೆ. ನನ್ ಮಗ ಕೇಳ್ನಿಲ್ಲ."

ಅಣ್ಣ ಸೊಪ್ಪನ್ನು ನೆರಳಲ್ಲಿ ಹರಡಿ, ನೀರು ಆರಿಸಿಯೇ ಹಾಕಿದ್ದ. ನಾನೇ ನೋಡಿದ್ದೆ. ಏನೋ ಹೇಳಲು ಬಾಯಿ ತೆರೆದವನು ಮಗಳ ಕಡೆ ನೋಡಿದ.

"ಊಂ ಕಣವ್ವ, ನಂದೇ ತಪ್ಪು," ಎಂದ.

ನನಗೆ ಅಳು ತಡೆಯಲಾಗಲಿಲ್ಲ. ಸೆರಗಲ್ಲಿ ಮುಖ ಒರೆಸಿಕೊಂಡೆ. ಪಕ್ಕದ ಮನೆಯವಳು ಮತ್ತೆ ಗೂಡು ಬಿಡಿಸತೊಡಗಿದಳು. ಎಷ್ಟೋ ದಿನಗಳ ಮೇಲೆ ಅವ್ವ ಮೊಮ್ಮಗಳ ಮುಖ ನೋಡಿದಳು.

"ಯಾಕ್ ಕೈ ನಿಲ್ಸ್‌ಬುಟ್ಟೆ? ಬಿಡ್ಸು ಕೂಸೆ. ಮುಂದಿನ್ ಬೆಳೆಗೆ ಹುಳದ ಮನೆ ತೊಳಿಬೇಕು. ನೀನೇ ಬರ್ಬೇಕು."