ಸಿದ್ದಲಿಂಗೇಶ ಸರ್ ತಂದು ಹಾಕಿದ ಹೆಡರ್‌ಗಳು

“ಅವ್ವಾ, ಸರ್ ಯಾಕ ಗ್ವಾಡಿ ಕಡೆ ಮಕ ಮಾಡಿ ಕುಂತಾರ? ಅವರಿಗೆ ಯಾರ್ ಬೈದ್ರು?”

ನಾಲ್ಕು ವರ್ಷದ ಪೂಜಿತಾ ಕೇಳಿದ್ದು ಪಿಸುಮಾತಿನಲ್ಲೇ. ಆದರೆ ಹೊಸಪೇಟೆ ಸ್ಟೇಷನ್ ರಸ್ತೆಯ ಆ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಆಗ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಗಂಗಾಂಬಿಕಾ ಗಡಿಬಿಡಿಯಿಂದ ಮಗಳ ಬಾಯಿಗೊಂದು ಬಿಸ್ಕತ್ತು ಕೊಟ್ಟಳು. ಲ್ಯಾಬ್ ನೋಡಿಕೊಳ್ಳುವ ಕೆಲಸ ಅವಳದು. ಮನೆಯಲ್ಲಿ ಮಗುವನ್ನು ಹಿಡಿಯುವವರಿಲ್ಲದೆ ಜೊತೆಗೇ ಕರೆತರುತ್ತಿದ್ದಳು. ಸಿದ್ದಲಿಂಗೇಶ ಸರ್‌ಗೆ ಯಾರೂ ಬೈದಿರಲಿಲ್ಲ. ಆ ದಿನ ಬೈದವರು ಅವರೇ.

ಸರ್ ಕಂಪ್ಲಿಯ ಅಕ್ಕಿ ಗಿರಣಿ ಮನೆತನದವರು. ಅಣ್ಣಂದಿರು ಗಿರಣಿಯಲ್ಲಿ ಕುಳಿತರೆ ಇವರು ಹುಬ್ಬಳ್ಳಿಗೆ ಹೋಗಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದರು. ‘ತೌಡಿನ ಧೂಳಿಗೆ ಸೀನು ಬರ್ತದಂತ ಓಡಿ ಹೋದವ’ ಎಂದು ಅಣ್ಣಂದಿರು ಇಂದಿಗೂ ಕಾಡುತ್ತಾರೆ. ಬಂದಾಗಿನಿಂದ ಸರ್ ಕಲಿಸಿದ್ದು ಅದರ ಹಳೆಯ ರೂಪವಾದ ಟರ್ಬೋ ಸಿ ಒಂದನ್ನೇ. ಯಾವ ಪ್ರೋಗ್ರಾಮೇ ಇರಲಿ, ಮೊದಲು conio.h ಎಂಬ ಹೆಡರ್ ಫೈಲು ಸೇರಿಸಬೇಕು, clrscr ಬರೆದು ಪರದೆ ಸ್ವಚ್ಛ ಮಾಡಬೇಕು. “ಬಾಗಿಲಿಗೆ ನೀರು ಹಾಕದ ರಂಗೋಲಿ ಹಾಕ್ತಾರೇನ್ರಲೇ?” ಎಂಬುದು ಅವರ ಹಳೆಯ ಮಾತು. ಸಂಡೂರಿನ ಗಣಿಗಳಲ್ಲಿ ಅದಿರು ಲಾರಿ ತೂಗುವ ವೇಬ್ರಿಡ್ಜುಗಳಲ್ಲಿ ಕುಳಿತ ಹುಡುಗರಲ್ಲಿ ಅರ್ಧ ಜನ ಈ ಮಾತು ಕೇಳಿಯೇ ಹೋದವರು.

ಆ ವರ್ಷ ಕೇಂದ್ರದ ಮಾಲೀಕರು, ಕಳ್ಳ ಪ್ರತಿಯ ವಿಂಡೋಸ್ ಹಿಡಿಯಲು ಯಾರೋ ಬರುತ್ತಾರಂತೆ ಎಂಬ ಸುದ್ದಿಗೆ ಹೆದರಿ, ಎಲ್ಲ ತೆಗೆಸಿ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದರು. ಒಂದು ಸರ್ವರ್, ಉಳಿದ ಮಷಿನ್‌ಗಳೆಲ್ಲ ಅದರೊಳಗೇ ಹೋಗಿ ಕೆಲಸ ಮಾಡುವುದು. ಅದರ ಒಳಗಿನ ಫೈಲುಗಳನ್ನು ಬದಲಿಸುವ ಪಾಸ್‌ವರ್ಡ್ ಸರ್‌ಗೆ ಮಾತ್ರ ಗೊತ್ತಿತ್ತು.

ಮೊದಲ ಕ್ಲಾಸಿನಲ್ಲೇ ಎಲ್ಲ ಪರದೆಗಳೂ ಒಂದೇ ಮಾತು ಹೇಳಿದವು: conio.h ಎಂಬ ಫೈಲೇ ಇಲ್ಲ.

“ಸರ್, ಬಾಗಿಲಾ ಇಲ್ಲಂತ! ನೀರು ಎಲ್ಲಿಗೆ ಹಾಕೋದ್ರೀ?” ಹಿಂದಿನ ಸಾಲಿನಿಂದ ಮಾರೇಶ ಕೇಳಿದ.

ಕ್ಲಾಸೆಲ್ಲ ನಕ್ಕಿತು. ಸರ್ ಕೂಡ ನಕ್ಕರು, ಆದರೆ ಕಿವಿ ಕೆಂಪಾಗಿದ್ದವು. ಮಾರೇಶ ಪಾಪಿನಾಯಕನಹಳ್ಳಿಯವನು. ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಅದಿರು ತುಂಬುವ ಗುತ್ತಿಗೆ ಕೂಲಿ. ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದವನೇ ನೇರ ಕ್ಲಾಸಿಗೆ ಬರುತ್ತಿದ್ದ. ಸಲಿಕೆ ಬಿಟ್ಟು ವೇಬ್ರಿಡ್ಜಿನ ಕುರ್ಚಿಗೆ ಹೋಗಬೇಕೆಂಬುದು ಅವನ ಆಸೆ. ಕೋರ್ಸು ಮುಗಿಸಿದರೆ ಅಲ್ಲಿನವರಿಗೆ ಒಂದು ಮಾತು ಹೇಳುತ್ತೇನೆಂದು ಸರ್ರೇ ಭರವಸೆ ಕೊಟ್ಟಿದ್ದರು.

ರಜೆಯ ದಿನ ಸರ್ ಒಬ್ಬರೇ ಬಂದು ಹಳೆಯ ಟರ್ಬೋ ಸಿ ಸಿಡಿ ಹಾಕಿದರು. ಇಲ್ಲದ ಹೆಡರನ್ನು ತಂದು ಇಟ್ಟರಾಯಿತಲ್ಲ ಎಂದು conio.h ಒಂದನ್ನೇ ನಕಲು ಮಾಡಿದರು. ಅದು ಇನ್ನೊಂದು ಹೆಡರ್ ಕೇಳಿತು. ಬೇಸರವಾಗಿ ಇಡೀ ಫೋಲ್ಡರನ್ನೇ ಎತ್ತಿ ಲಿನಕ್ಸಿನ ಹೆಡರ್‌ಗಳಿರುವ ಜಾಗಕ್ಕೆ ಸುರಿದರು. ಅದೇ ಹೆಸರಿನ ಫೈಲು ಆಗಲೇ ಇದೆ, ಅಳಿಸಿ ಇದನ್ನು ಹಾಕಲೇ ಎಂದು ಮಷಿನ್ ಕೇಳಿದಾಗಲೆಲ್ಲ ಹೂಂ ಹೂಂ ಎನ್ನುತ್ತ ಕೀಲಿ ಒತ್ತಿದರು. ಅಷ್ಟಾದರೂ clrscr ಸಿಗಲಿಲ್ಲ. ಕೊನೆಗೆ ಲೈಟ್ ಆರಿಸಿ ಮನೆಗೆ ಹೋದರು.

ಸೋಮವಾರ ಎಲ್ಲರ ಪ್ರೋಗ್ರಾಮುಗಳೂ ಮುಗ್ಗರಿಸಿದವು. ಕೀಬೋರ್ಡಿನಿಂದ ಒಂದೇ ಒಂದು ಅಕ್ಷರ ಓದುವ ಪುಟ್ಟ ಪ್ರೋಗ್ರಾಮಿಗೂ ಸಿದ್ಧ ಕೋಡು ಇರುವ ಲೈಬ್ರರಿಯ ಜೊತೆ ಲಿಂಕ್ ಆಗುವ ಹೊತ್ತಿಗೆ ತಕರಾರು: _streams ಎಂಬುದು ಸಿಗುತ್ತಿಲ್ಲವಂತೆ. ಆ ಹೆಸರನ್ನು ಯಾರೂ ಬರೆದಿರಲೇ ಇಲ್ಲ. ಅಷ್ಟರಲ್ಲಿ ಸರ್ವರಿನ ಡ್ರೈವಿನಲ್ಲಿದ್ದ ಮಾರೇಶನ ಸಿಡಿ ಸರ್ ಕಣ್ಣಿಗೆ ಬಿತ್ತು. ಸಂಡೂರಿನ ಗೆಳೆಯ ಕೊಟ್ಟ, ಲಾರಿ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಮದು. ಸರ್‌ಗೆ ತೋರಿಸಲೆಂದು ಗಂಗಾಂಬಿಕಾಳನ್ನು ಕೇಳಿಯೇ ಹಾಕಿದ್ದ.

“ಏನ್ ತಂದು ತುರುಕಿದಿಲೇ ಇದರಾಗ?”

“ಏನಿಲ್ರಿ ಸರ್. ಬರೇ ಹಾಕೀನಿ, ಇನ್ನಾ ತೆರೆದಿಲ್ರಿ.”

“ಕೆಮ್ಮಣ್ಣು ಮೆತ್ತಿದ ಕೈಲೆ ಮುಟ್ಟಿದ್ರ ಮಷಿನ್ ಉಳೀತದೇನು? ಸಲಿಕೆ ಹಿಡಿಯೋರಿಗೆ ಸಿ ಕಲಿಸಾಕ ಹೋದ್ನೆಲ್ಲ, ನಂದಾ ತಪ್ಪು. ನಡಿ ಹೊರಗ! ನಾಳಿಂದ ಬರಬ್ಯಾಡ.”

ಈ ಸಲ ಯಾರೂ ನಗಲಿಲ್ಲ. ಮಾರೇಶ ತನ್ನ ಅಂಗೈಗಳನ್ನೊಮ್ಮೆ ನೋಡಿಕೊಂಡ, ಪ್ಯಾಂಟಿಗೆ ಒರೆಸಿಕೊಂಡ. “ತೊಳದಾ ಬಂದೀನ್ರಿ ಸರ್. ಇದು ಹೋಗಂಗಿಲ್ಲ” ಎಂದು ಸಿಡಿ ತೆಗೆದುಕೊಂಡು ಮೆಟ್ಟಿಲಿಳಿದ. ‘ಹಾಕು ಅಂದವಳು ನಾನು’ ಎಂದು ಹೇಳಬೇಕಿದ್ದ ಗಂಗಾಂಬಿಕಾ ಹಾಜರಿ ಪುಸ್ತಕ ತೆರೆದು ಕುಳಿತಳು.

ಮಧ್ಯಾಹ್ನ ಸರ್ ಆ _streams ಎಲ್ಲಿಂದ ಬಂತೆಂದು ಹುಡುಕಲು ಕುಳಿತರು. ಹುಡುಕುತ್ತ, ಎಲ್ಲ ಪ್ರೋಗ್ರಾಮುಗಳೂ ಬಳಸುವ stdio.h ಎಂಬ ಹೆಡರ್ ತೆರೆದರು. ತಲೆಬರಹದಲ್ಲೇ ಟರ್ಬೋ ಸಿ ಮಾಡಿದ ಕಂಪನಿಯ ಹೆಸರು. ಲಿನಕ್ಸಿನ stdio.h ಇರಬೇಕಾದ ಜಾಗದಲ್ಲಿ ಅವರೇ ತಂದು ಸುರಿದದ್ದು ಕುಳಿತಿತ್ತು. ಸರ್ ಮೆಲ್ಲಗೆ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದರು.

ಪೂಜಿತಾ ಪ್ರಶ್ನೆ ಕೇಳಿದ್ದು ಆಗಲೇ. ಬಿಸ್ಕತ್ತಿನಿಂದ ಬಾಯಿ ಮುಚ್ಚಿದರೂ ಸರ್‌ಗೆ ಕೇಳಿಸಿತ್ತು.

“ಯಾರೂ ಬೈದಿಲ್ಲ ಪುಟ್ಟೀ. ಬೈಬೇಕಿತ್ತು,” ಎಂದವರು ಗಂಗಾಂಬಿಕಾಳಿಗೆ ಎಲ್ಲ ಹೇಳಿದರು. “ಲಗ್ನಪತ್ರಿಕೆಯಾಗ ಬ್ಯಾಂಡಿನವರ ಹೆಸರು ಹಾಕಿಸಿದ್ರ ಅವರು ಬಂದಂಗ ಆತೇನ್ರಿ ಮೇಡಮ್? ಹೆಡರ್ ಅಂದ್ರ ಬರೇ ಪತ್ರಿಕೆ. ಬಾರಿಸೋರು ಲೈಬ್ರರಿಯಾಗ ಇರಬೇಕು. ನಾನು ಯಾರದೋ ಮದುವಿ ಪತ್ರಿಕೆ ತಂದು, ಇವರ ಮನಿ ಪತ್ರಿಕೆ ಹರಿದು ಒಗೆದೀನಿ. ಆಮ್ಯಾಲ ಮದುವಿಗೆ ಬಂದವನ್ನ ಹೊರಗ ಹಾಕೀನಿ.”

ಲಿನಕ್ಸ್ ಸಿಡಿ ತರಿಸಿ ಹೆಡರ್‌ಗಳ ಪ್ಯಾಕೇಜನ್ನು ಮತ್ತೆ ಕೂರಿಸಿದರು. ಪಾಠದ ಪ್ರೋಗ್ರಾಮುಗಳಿಂದ conio.h ಮತ್ತು clrscr ಎರಡನ್ನೂ ಅಳಿಸಿದರು. ವರ್ಗಮೂಲ ತೆಗೆಯುವುದೊಂದು ಮಾತ್ರ ಹಟ ಹಿಡಿಯಿತು. ಆಜ್ಞೆಯ ಕೊನೆಗೆ -lm ಎಂದು ಗಣಿತದ ಲೈಬ್ರರಿ ಸೇರಿಸಿದ ಮೇಲೆ ಅದೂ ಓಡಿತು. “ಗಣಿತದವರನ್ನ ಬ್ಯಾರೆ ಕರೀಬೇಕಂತ” ಎಂದರು ಸರ್. ಮುಖದಲ್ಲಿ ನಗು ಇರಲಿಲ್ಲ.

ಮಾರೇಶ ಬರಲಿಲ್ಲ. ಆ ವಾರದಲ್ಲೊಂದು ಬೆಳಿಗ್ಗೆ ಗಂಗಾಂಬಿಕಾ ಮಗಳ ಕೈ ಹಿಡಿದು ಬರುವಾಗ, ಕಾರ್ಖಾನೆ ಬಸ್ಸು ನಿಲ್ಲುವಲ್ಲಿ ಸರ್ ನಿಂತಿದ್ದರು. ಪಾಳಿ ಬದಲಾಗಿ ಮಾರೇಶ ಬಸ್ಸು ಹತ್ತುವವನಿದ್ದ.

“ಸರ್ವರ್ ಸರಿ ಆತು ನೋಡು. ಬಾ ಕ್ಲಾಸಿಗೆ.”

“ಯಾರು ಕೆಡಿಸಿದ್ರಂತ್ರಿ ಸರ್?”

ಸರ್ ಕನ್ನಡಕ ತೆಗೆದು ಒರೆಸಿದರು. “ಅದು... ಹಂಗಾ ಕೆಟ್ಟಿತ್ತು. ಒಮ್ಮೊಮ್ಮೆ ಆಗ್ತದ.”

“ಹೌದಾ? ಹಂಗಾರ ಕೈ ತೊಳಕೊಳ್ಳಾಕ ಇನ್ನೂ ಭಾಳ ದಿನ ಬೇಕ್ರಿ ನನಗ” ಎಂದು ಮಾರೇಶ ಬಸ್ಸು ಹತ್ತಿದ. ಕಿಟಕಿಯಿಂದಲೂ ತಿರುಗಿ ನೋಡಲಿಲ್ಲ. ಗಂಗಾಂಬಿಕಾ ಎಲ್ಲ ಕೇಳಿಸಿಕೊಂಡದ್ದು ಸರ್‌ಗೆ ಗೊತ್ತಾಯಿತು. ತಲೆ ತಗ್ಗಿಸಿ ರಸ್ತೆಯ ಆಚೆ ಬದಿ ಹಿಡಿದು ಹೋದರು.

ಶನಿವಾರ ಹುಡುಗರೆಲ್ಲ ಹೋದ ಮೇಲೆ ಸರ್ ಅವಳ ಮೇಜಿನ ಹತ್ತಿರ ಬಂದರು. ಕೂರಿ ಎಂದರೂ ಕೂರಲಿಲ್ಲ. ಯಾವತ್ತೂ ಮೇಡಮ್ ಎನ್ನುತ್ತಿದ್ದವರು ಅವತ್ತು ಹಾಗೆ ಕರೆಯಲಿಲ್ಲ.

“ತಂಗೀ, ನಾಳೆ ಪಾಪಿನಾಯಕನಹಳ್ಳಿಗೆ ಹೋಗ್ತೀನಿ. ಅವನ ಮನಿಯಾಗ, ಅವರವ್ವನ ಮುಂದ ಹೇಳಬೇಕಂತೀನಿ. ಸೋಮಾರ ಕ್ಲಾಸಿನಾಗೂ ಹೇಳ್ತೀನಿ. ಆದ್ರ ನನ್ನ ನಾಲಿಗಿ ಮ್ಯಾಲ ನನಗಾ ನಂಬಿಕಿ ಇಲ್ಲ. ಬಸ್ಸಿನ ಹತ್ರ ನೀನಾ ನೋಡಿದೆಲ್ಲ. ನನ್ನ ಜೊತಿ ಬಾ. ನಾನು ಅಲ್ಲೂ ‘ಸರ್ವರ್ ಕೆಟ್ಟಿತ್ತು’ ಅಂತ ಸುರು ಮಾಡಿದ್ರ ಸುಮ್ಮನ ಇರಬ್ಯಾಡ. ‘ಕೆಟ್ಟಿರಲಿಲ್ಲ ಸರ್, ನೀವು ಕೆಡಿಸಿದ್ರಿ’ ಅಂತ ಎಲ್ಲರ ಎದುರಿಗೇ ಹೇಳು. ಇಷ್ಟು ಉಪಕಾರ ಮಾಡ್ತಿ ಏನು?”