ಬದುಕಿದ್ದೇನೆ ಎಂದ ಇಬ್ಬರು

ನನ್ನ ಮೊದಲ ಸಂಬಳದ ಕೆಲಸ ಕಳ್ಳತನ. ಸಂಬಳ ಕೊಡುತ್ತಿದ್ದವರು ಮಲ್ಲೇಶ್ವರಂನ ಒಂದು ಸಂಶೋಧನಾ ಕೇಂದ್ರದವರು. ರಸೀದಿಗೆ ಸಹಿಯನ್ನೂ ಹಾಕಿಸಿಕೊಳ್ಳುತ್ತಿದ್ದರು. ನಾನು ಕದಿಯಬೇಕಾಗಿದ್ದದ್ದು ವಯಸ್ಸಾದವರ ದನಿ.

ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ತಾವಿನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ರುಜುವಾತು ಕೊಡಬೇಕು. ಮಂಡಿನೋವಿನವರು ಆಟೋ ಹಿಡಿದು ಬಂದು, ಸಾಲಿನಲ್ಲಿ ನಿಂತು, ಗುಮಾಸ್ತರಿಗೆ ಮುಖ ತೋರಿಸಿ ಹೋಗುತ್ತಾರೆ. ಒಂದು ಸಣ್ಣ ಸಹಕಾರಿ ಬ್ಯಾಂಕಿನವರಿಗೆ ಇದನ್ನು ಫೋನಿನಲ್ಲೇ ಮುಗಿಸುವ ಆಸೆ ಹುಟ್ಟಿತು. ಮನೆಯಲ್ಲೇ ಕೂತು ಒಂದು ವಾಕ್ಯ ಹೇಳಿದರೆ ಯಂತ್ರವು ದನಿಯ ಗುರುತು ಹಿಡಿದು, ಇವರು ಇದ್ದಾರೆ ಎಂದು ಬರೆದುಕೊಳ್ಳಬೇಕು. ಆ ಯಂತ್ರದ ಮೇಲೆ ಕೇಂದ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮಂಡ್ಯ ಕಡೆಯ ಅಕ್ಕ ಒಬ್ಬರಿದ್ದರು. ಕಾಲೇಜಿನ ಸಮಾರಂಭವೊಂದರಲ್ಲಿ ನಾನು ಪ್ರಿನ್ಸಿಪಾಲರಿಂದ ಹಿಡಿದು ಮೈಕಿನವನ ತನಕ ಎಲ್ಲರನ್ನೂ ಅಣಕಿಸಿದ್ದನ್ನು ಕೇಳಿ, ವೇದಿಕೆಯ ಹಿಂದೆ ಬಂದು ನನ್ನನ್ನು ಹಿಡಿದರು.

“ಸತ್ತೋದೋರ ದನೀಲಿ ಯಾರಾದ್ರೂ ಫೋನ್ ಮಾಡುದ್ರೆ ನಮ್ ಮಿಷನ್ನು ಮೋಸ ಹೋಗುತ್ತಾ ಅಂತ ನೋಡ್ಬೇಕು. ನೀನು ಬಂದು ಮೋಸ ಮಾಡು, ಸಾಕು.”

“ಅಕ್ಕಾ, ನಮ್ಮಮ್ಮ ಇಷ್ಟು ವರ್ಷ ಬೇಡ ಬೇಡ ಅಂತಿದ್ದಿದ್ದೇ ಇದನ್ನ.”

ಧ್ವನಿಮುದ್ರಣದ ಕೋಣೆ ಮಹಡಿಯ ಮೇಲಿತ್ತು. ಹೊರಗಿನ ಗದ್ದಲ ಬಾರದಿರಲೆಂದು ಗೋಡೆ, ಬಾಗಿಲು, ಚಾವಣಿಗೆಲ್ಲ ದಪ್ಪ ಸ್ಪಂಜು ಅಂಟಿಸಿದ್ದರು. ಅಲ್ಲಿ ಮಾತಾಡಿದರೆ ದನಿ ತುಟಿ ದಾಟಿದ ಕೂಡಲೇ ಸತ್ತುಹೋಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ನನ್ನದೇ ಎದೆಬಡಿತ ಪಕ್ಕದಲ್ಲಿ ಯಾರದೋ ಎಂಬಂತೆ ಕೇಳಿಸುತ್ತಿತ್ತು. ಎಲ್ಲರೂ ಹೇಳಬೇಕಾದ ವಾಕ್ಯ ಒಂದೇ: “ನಾನು ಬದುಕಿದ್ದೇನೆ, ಇದು ನನ್ನದೇ ದನಿ.” ಒಪ್ಪಿಗೆ ಕೊಟ್ಟ ಹಿರಿಯರ ದನಿಗಳನ್ನು ಅಕ್ಕ ಮೊದಲೇ ಹಿಡಿದಿಟ್ಟಿದ್ದರು. ನಾನು ಒಬ್ಬೊಬ್ಬರನ್ನೇ ಕೇಳಿ, ಅವರಾಗಿ ಅದೇ ವಾಕ್ಯ ಹೇಳುತ್ತಿದ್ದೆ. ಯಂತ್ರಕ್ಕೆ ಅದೇ ವ್ಯಕ್ತಿ ಅನ್ನಿಸಿದರೆ ತೆರೆಯ ಮೇಲಿನ ಪಟ್ಟಿ ಹಸಿರಾಗುತ್ತಿತ್ತು, ಇಲ್ಲದಿದ್ದರೆ ಕೆಂಪು.

ನನಗೆ ಬರೀ ಕೆಂಪು. ಮದುವೆಮನೆಗಳಲ್ಲಿ ಊಟ ಬಿಟ್ಟು ಜನ ನನ್ನ ಸುತ್ತ ಸೇರುತ್ತಿದ್ದರು. ಇಲ್ಲಿ ಒಂದು ಪೆಟ್ಟಿಗೆ ನನ್ನ ಮುಖಕ್ಕೇ ಬಾಗಿಲು ಹಾಕುತ್ತಿತ್ತು.

ಹಟ ಹಿಡಿದು ನಮ್ಮ ಸೋದರಮಾವನನ್ನು ಕರೆತಂದೆ. ಅವರು ನಿವೃತ್ತ ಗಣಿತದ ಮೇಷ್ಟ್ರು. ಚಾಮರಾಜಪೇಟೆಯ ಅವರ ಮನೆಯಲ್ಲೇ ನಾನು ಕಾಲೇಜು ಸೇರಿದಾಗಿನಿಂದ ಇರುವುದು. ನಾನು ಅಣಕಿಸಲು ಕಲಿತ ಮೊದಲ ದನಿಯೂ ಅವರದೇ. ಮೈಕ್ ಇಲ್ಲದೆ ಮೈದಾನದ ಆ ತುದಿಯ ಹುಡುಗನನ್ನು ನಡುಗಿಸುತ್ತಿದ್ದ ಕಂಚಿನ ಕಂಠ. ಮಾವ ಸ್ಪಂಜಿನ ಕೋಣೆಯಲ್ಲಿ ಕೂತು ವಾಕ್ಯ ಹೇಳಿದರು, ಅಕ್ಕ ಅದನ್ನು ಹಿಡಿದಿಟ್ಟು ಇನ್ನೊಮ್ಮೆ ಹೇಳಿಸಿದರು. ಪಟ್ಟಿ ಹಸಿರಾಯಿತು. ಅವರಾದ ಮೇಲೆ ನಾನು ಹೇಳಿದೆ. ಕೆಂಪು.

“ನೀನು ಅವ್ರ ಚೇಷ್ಟೆ ಮಾಡ್ತೀಯ, ಅವ್ರಾಗಲ್ಲ,” ಎಂದರು ಅಕ್ಕ. “ಎಳ್ದು ಎಳ್ದು ಹೇಳೋದು, ಕೆಮ್ಮೋದು, ಅದೆಲ್ಲ ಜನ ನಗ್ಲಿ ಅಂತ. ಮಿಷನ್ನು ಅದ್ನ ಬಿಟ್ಟು ಒಳಗಿಂದು ಕೇಳುತ್ತೆ. ಉಸ್ರು ಎಲ್ಲಿ ತಗೋತಾರೆ, ಎಲ್ಲಿ ಬಿಡ್ತಾರೆ, ಅದು ನೋಡ್ಕೋ.”

ಅವತ್ತಿನಿಂದ ಮಾವನ ಆ ಮುದ್ರಣ ನನ್ನ ಫೋನಿನಲ್ಲಿ ಸೇರಿಕೊಂಡಿತು. ಬಸ್ಸಿನಲ್ಲಿ, ಸ್ನಾನಕ್ಕೆ ಮುಂಚೆ, ಊಟದ ನಂತರ, ಕಿವಿಯೊಳಗೆ ಮಾವ ತಾವು ಬದುಕಿದ್ದೇವೆ ಎಂದು ಹೇಳುತ್ತಲೇ ಇದ್ದರು. ಮಧ್ಯಾಹ್ನ ಅವರು ಒಂದು ನಿದ್ದೆ ತೆಗೆಯುವಾಗ ಮಂಚದ ಪಕ್ಕ ಕೂತು ಉಸಿರಿಗೆ ಉಸಿರು ಸೇರಿಸುತ್ತಿದ್ದೆ. ಒಮ್ಮೆ ಅವರು ಥಟ್ಟನೆ ಕಣ್ಣು ಬಿಟ್ಟು, “ಲೋ ಕೋತಿ, ಯಮನ ಕಡೆಯಿಂದ ಬಂದಿದೀಯೇನೋ?” ಎಂದರು. ಇಬ್ಬರೂ ನಕ್ಕೆವು. ಅವರು ನಕ್ಕಾಗ ಗಾಳಿ ಬಂತು, ಸದ್ದು ಬರಲಿಲ್ಲ. ನಾನು ಅದನ್ನು ಗಮನಿಸಿ, ನಿದ್ದೆಗಣ್ಣು ಅಂದುಕೊಂಡೆ.

ಮನೆಯಲ್ಲಿ ಅಭ್ಯಾಸಕ್ಕೆ ಸಿಕ್ಕವರು ಅತ್ತೆ. ಹಾಲ್‌ನಲ್ಲಿ ಕೂತು ಮಾವನ ದನಿಯಲ್ಲಿ, “ಇವಳೇ, ನನ್ನ ಕನ್ನಡಕ ಎಲ್ಲೇ?” ಎಂದರೆ ಅಡುಗೆಮನೆಯಿಂದ, “ಟೀವಿ ಮೇಲೆ ನೋಡ್ರೀ,” ಎಂದು ಉತ್ತರ ಬರುತ್ತಿತ್ತು. ಮಾವ ಮೀಸೆಯಲ್ಲೇ ನಗುತ್ತಿದ್ದರು. ಬರಬರುತ್ತಾ ಅವರಿಗೇನಾದರೂ ಬೇಕಾದಾಗ ನನ್ನ ಕಡೆ ಬೆರಳು ತೋರಿಸುವುದು, ನಾನು ಅವರಾಗಿ ಕೂಗುವುದು ರೂಢಿಯಾಯಿತು. ಸೊಪ್ಪಿನವಳನ್ನು ನಿಲ್ಲಿಸಿದ್ದು ನಾನು. ಗೇಟಿನ ಮುಂದೆ ಗಾಡಿ ನಿಲ್ಲಿಸಿದವನಿಗೆ ಬೈದದ್ದೂ ನಾನೇ. ಒಂದು ದಿನ, “ಏನ್ ಮಾವ, ಗಂಟಲನ್ನೇ ಔಟ್‌ಸೋರ್ಸ್ ಮಾಡ್ಬಿಟ್ರಾ?” ಎಂದೆ. ಅವರು ಕೈಯಾಡಿಸಿ, “ನಾನು ರಿಟೈರ್ಡು,” ಎಂದು ಪಿಸುಗುಟ್ಟಿದರು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಪಟ್ಟಿ ಹಸಿರಾಯಿತು. ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟರು. ಕುಣಿಯಬೇಕಾಗಿದ್ದ ನಾನು ಕೂತೇ ಇದ್ದೆ. ಬೇರೆಯವರ ಅಂಗಿ ತೊಟ್ಟಾಗ ಅದಿನ್ನೂ ಅವರ ಮೈಯಿಂದ ಬೆಚ್ಚಗಿದ್ದ ಹಾಗಿತ್ತು.

ಅದೇ ವಾರ ಹಿರಿಯರೆಲ್ಲ ಎರಡನೇ ಸಲ ದನಿ ಕೊಡಬೇಕಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. “ನಾನು ಬದುಕಿದ್ದೇನೆ, ಇದು ನನ್ನದೇ ದನಿ.” ಕೆಂಪು. ನೀರು ಕುಡಿದು ಮತ್ತೆ ಹೇಳಿದರು. ಕೆಂಪು. ಅಕ್ಕ ವೈರುಗಳನ್ನೆಲ್ಲ ಕಿತ್ತು ಚುಚ್ಚಿದರು. ಮೂರನೇ ಸಲವೂ ಕೆಂಪೇ.

“ಮಿಷನ್ ಕೆಟ್ಟಿದ್ಯೇನೋ. ನೀನೊಂದ್ಸಲ ಹೇಳು,” ಎಂದು ಅಕ್ಕ ನನಗೆ ಹೇಳಿದರು.

ಮಾವನ ಪಕ್ಕದಲ್ಲೇ ಕೂತು, ಮಾವನಾಗಿ ಹೇಳಿದೆ. ಹಸಿರು.

ಮಾವ ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು. “ಹಾಗಾದ್ರೆ ನಾನು ಯಾರೋ?” ಎಂದರು. ತಮಾಷೆಗೇ ಅಂದದ್ದು. ಆ ಕೋಣೆಯಲ್ಲಿ ಅದಕ್ಕೆ ಮಾರ್ದನಿಯೂ ಇರಲಿಲ್ಲ.

ಅಕ್ಕ ಮೊದಲ ಸಲದ ಮುದ್ರಣವನ್ನೂ ಅವತ್ತಿನದನ್ನೂ ಒಂದರ ಹಿಂದೊಂದು ಹಾಕಿದರು. ಮೊದಲನೆಯದರಲ್ಲಿ ಕಂಚು. ಎರಡನೆಯದರಲ್ಲಿ ಒಣಗಿದ ಎಲೆಯ ಮೇಲೆ ಯಾರೋ ಕಾಲೆಳೆದು ನಡೆದಂಥ ಸದ್ದು, ಪದಪದಕ್ಕೂ ಸೋರುವ ಗಾಳಿ. ಇಬ್ಬರು ಬೇರೆ ಬೇರೆ ಮನುಷ್ಯರು. ಕಿವಿಯನ್ನೇ ಬಂಡವಾಳ ಮಾಡಿಕೊಂಡ ನನಗೆ, ಒಂದೇ ಸೂರಿನಡಿ ಇದ್ದೂ, ಅದು ಕೇಳಿಸಿರಲಿಲ್ಲ. ನಾನು ದಿನವೂ ಕೇಳುತ್ತಿದ್ದದ್ದು ಫೋನಿನೊಳಗಿನ ಮಾವನನ್ನು.

“ಸಾರ್, ಶೀತ ಏನಾರ ಆಗಿತ್ತಾ? ಎಷ್ಟು ದಿನದಿಂದ ಹಿಂಗದೆ?”

ಮಾವ ನೆಲ ನೋಡಿದರು. “ಎರಡು ಮೂರು ತಿಂಗಳಾಯ್ತೇನೋ ತಾಯಿ. ಜೋರಾಗಿ ಕೂಗಿದ್ರೆ ನೋಯ್ತಿತ್ತು. ಇವನು ಕೂಗ್ತಿದ್ನಲ್ಲ, ಸುಮ್ನಿದ್ದೆ.”

“ತಡ ಮಾಡ್ಬೇಡಿ ಸಾರ್. ನಾಳೇನೇ ಗಂಟಲು ಡಾಕ್ಟ್ರತ್ರ ತೋರ್ಸಿ.”

ಮನೆಗೆ ಬಂದು ಹೇಳಿದರೆ ಅತ್ತೆ ಒಪ್ಪಲೇ ಇಲ್ಲ. “ಗಂಟಲು ಕೆಟ್ಟಿದ್ಯಾ? ಯಾರಿಗೆ? ಬೆಳಿಗ್ಗೆ ತಾನೇ ಖಣಖಣ ಅಂತ ಟವೆಲ್ ಕೇಳಿದ್ರಲ್ಲೋ!”

“ಅದು ನಾನು, ಅತ್ತೆ.”

“ನಿನ್ನೆ ಗ್ಯಾಸಿನವನನ್ನ ಗದರಿಸಿದ್ದು?”

“ನಾನೇ.”

“ಹಬ್ಬದ ದಿನ, ಮಂಗಳಾರತಿಗೆ ಬಾರೇ ಅಂದಿದ್ದು?”

ಅದೂ ನಾನೇ ಎಂದು ತಲೆ ಆಡಿಸಿದೆ. ಅತ್ತೆ ಇನ್ನೂ ಹಿಂದಕ್ಕೆ ಹೋದರು. ಶ್ರಾವಣ, ಅದಕ್ಕೂ ಮುಂಚಿನ ಒಂದು ಮಳೆಯ ದಿನ. ಹೋದಲ್ಲೆಲ್ಲ ನಾನೇ ನಿಂತಿದ್ದೆ. ಕೊನೆಗೆ ಕೇಳುವುದನ್ನು ನಿಲ್ಲಿಸಿ, ಮಾವನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, “ಏನಾದ್ರೂ ಮಾತಾಡ್ರೀ,” ಎಂದರು. ಮಾವ ಗಂಟಲು ಮುಟ್ಟಿ ತೋರಿಸಿ, ತಲೆ ಅಡ್ಡ ಆಡಿಸಿದರು.

ದನಿತಂತುವಿನ ಮೇಲೆ ಗೆಡ್ಡೆ ಬೆಳೆದಿತ್ತು. ಕೆಟ್ಟ ಜಾತಿಯದು. ಇನ್ನಷ್ಟು ತಿಂಗಳು ಬಿಟ್ಟಿದ್ದರೆ ಕೈಮೀರುತ್ತಿತ್ತು, ಈಗ ಜೀವಕ್ಕೆ ಭಯವಿಲ್ಲ, ಆದರೆ ಹಳೆಯ ಕಂಠ ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ವಾರಗಟ್ಟಲೆ ಮೌನ. ಅಕ್ಕ ತಮ್ಮ ವರದಿಯಲ್ಲಿ ಎರಡನ್ನೂ ಬರೆದರು: ಯಂತ್ರ ಸುಳ್ಳು ಮನುಷ್ಯನನ್ನು ಒಪ್ಪಿತು, ನಿಜವಾದವರನ್ನು ನಿರಾಕರಿಸಿತು. ಬ್ಯಾಂಕಿನವರು ಸದ್ಯಕ್ಕೆ ಕೌಂಟರೇ ಇರಲಿ ಎಂದರು. ನಾನು ಮಾವನ ದನಿಯನ್ನು ಫೋನಿನಿಂದ ಅಳಿಸಿದೆ. ಗಂಟಲಿನಿಂದ ಅಳಿಸಲು ಬಟನ್ ಇಲ್ಲ. ಒಂದೊಂದು ಸಲ ಆಕಳಿಸುವಾಗ ಅದು ತಾನಾಗಿಯೇ ಹೊರಗೆ ಬಂದುಬಿಡುತ್ತಿತ್ತು. ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಮಾತಾಡಬಹುದೆಂದು ಡಾಕ್ಟರು ಹೇಳಿದ ದಿನ ಬೆಳಿಗ್ಗೆ ಮಾವ ಹಾಲ್‌ನಲ್ಲಿ ಕೂತಿದ್ದರು, ನಾನು ಎದುರಿಗೆ. ಅತ್ತೆ ಅಡುಗೆಮನೆಯಲ್ಲಿದ್ದರು. ಮಾವ ಕುರ್ಚಿಯ ಕೈ ಹಿಡಿದು, ಮುಂದಕ್ಕೆ ಬಾಗಿ ಕರೆದರು. “ಇವಳೇ, ಬಾ ಇಲ್ಲಿ.” ಸೀಳಿದ, ತೆಳ್ಳಗಿನ ದನಿ. ನಾನೆಂದೂ ಕೇಳದ ಯಾರದೋ ದನಿ.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನಮ್ಮಿಬ್ಬರನ್ನೂ ದಾಟಿ ನೇರವಾಗಿ ಹೋಗಿ ಬೀದಿಬಾಗಿಲಿನ ಚಿಲಕ ತೆಗೆದರು. “ಯಾರು? ಯಾರು ಬೇಕಿತ್ತು?” ಎಂದು ಖಾಲಿ ಗೇಟನ್ನು ಕೇಳಿದರು.

ಮಾವ ನನ್ನ ಕಡೆ ನೋಡಿದರು. ಅವರ ಬೆರಳು ಅರ್ಧಕ್ಕೆ ಮೇಲೆದ್ದಿತು. ಒಂದೇ ಒಂದು ಸಲ ನಾನು ಕೂಗಿದ್ದರೆ ಅತ್ತೆ ತಿರುಗಿ ಬರುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಇಲ್ಲ ಎಂದು ತಲೆ ಆಡಿಸಿದೆ. ಅವರು ಬೆರಳು ಇಳಿಸಿ, ಉಸಿರು ತುಂಬಿಕೊಂಡು ಇನ್ನೊಮ್ಮೆ ಕರೆದರು.

ಅತ್ತೆ ಬಾಗಿಲು ಹಿಡಿದುಕೊಂಡೇ ನಿಧಾನವಾಗಿ ತಿರುಗಿದರು. ಅವರ ಕಣ್ಣು ಮೊದಲು ಹೋದದ್ದು ಮಾವನ ಕಡೆಗಲ್ಲ, ನನ್ನ ಬಾಯಿಯ ಕಡೆಗೆ.